ಉತ್ತರಪಾರಾದ ರೇಸ್ ಕುದುರೆ

1957ರ ಆಗಸ್ಟ್ 23. ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲು. ಸ್ಟರ್ಲಿಂಗ್ ಮಾಸ್ ಎಂಬ ಇಂಗ್ಲಿಷ್ ರೇಸುಗಾರರು ಮಳೆಹನಿಯಾಕಾರದ ಕಾರೊಂದರ ಮೂತಿಯಲ್ಲಿ ಹೆಚ್ಚುಕಮ್ಮಿ ಮಲಗಿದ ಭಂಗಿಯಲ್ಲೇ ಕೂತು ಗಂಟೆಗೆ 395 ಕಿಲೋಮೀಟರ್ ವೇಗ ಮುಟ್ಟಿದರು. ಕಾರಿನ ಹೆಸರು ಎಂಜಿ ಇಎಕ್ಸ್181. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಇಂಜಿನ್ನಿನ ಬ್ಲಾಕ್ ತೆಗೆದುಕೊಂಡು, ಅದಕ್ಕೆ ಜೋಡಿ ಕ್ಯಾಮ್‌ಶಾಫ್ಟ್ ಕೂರಿಸಿ, ಸೂಪರ್‌ಚಾರ್ಜರ್ ಕಟ್ಟಿ, 290 ಅಶ್ವಶಕ್ತಿ ಹಿಂಡಿದ್ದರು. ಇಂಜಿನ್ನಿನ ಗಾತ್ರ 1489 ಸಿಸಿ.

ಈ 1489 ಎಂಬ ಸಂಖ್ಯೆಯನ್ನು ಓದುಗರು ಸ್ವಲ್ಪ ಜೋಪಾನವಾಗಿ ಇಟ್ಟುಕೊಳ್ಳಬೇಕು. ಅದೇ ವಂಶದ, ಅದೇ ಗಾತ್ರದ ಇಂಜಿನ್ನು ಹೂಗ್ಲಿ ನದಿಯ ದಂಡೆಯ ಉತ್ತರಪಾರಾಕ್ಕೂ ಬಂತು. ಬಂದು, ಅಂಬಾಸಿಡರ್ ಎಂಬ ಕಾರಿನ ಬಾನೆಟ್ಟಿನಡಿ ಚಕ್ಕಳಮಕ್ಕಳ ಹಾಕಿ ಕೂತು, ಮುಂದಿನ ಮೂರು ದಶಕಕ್ಕೂ ಹೆಚ್ಚು ಕಾಲ ಮಂತ್ರಿ, ಮದುಮಗ, ಜಿಲ್ಲಾಧಿಕಾರಿ, ಹೆರಿಗೆಯ ಹೆಂಗಸು, ಸಂತೆಯ ಕುಂಬಳಕಾಯಿ ಎಲ್ಲವನ್ನೂ ಹೊತ್ತಿತು. ಸ್ಪೋರ್ಟ್ಸ್ ಕಾರಿನ ಚರಿತ್ರೆ ಬರೆಯುವವರು ಮರನೆಲ್ಲೊ, ಸ್ಟುಟ್‌ಗಾರ್ಟ್ ಅಂತ ತೀರ್ಥಯಾತ್ರೆ ಹೊರಡುತ್ತಾರೆ. ಹೌರಾದಲ್ಲಿ ಬರ್ಧಮಾನ್ ಕಡೆಯ ಲೋಕಲ್ ಹತ್ತಿ ‘ಹಿಂದ್ ಮೋಟಾರ್’ ಸ್ಟೇಷನ್ನಿನಲ್ಲಿ ಇಳಿದಿದ್ದರೆ ಕೆಲಸ ಅಗ್ಗದಲ್ಲಿ ಮುಗಿಯುತ್ತಿತ್ತು. ಫೆರಾರಿ ಕಂಪನಿಗೂ ತನ್ನದೇ ಹೆಸರಿನ ರೈಲ್ವೆ ಸ್ಟೇಷನ್ ಇದೆಯೋ ಇಲ್ಲವೋ, ನಮ್ಮ ಬಿರ್ಲಾರ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಗೆ ಇತ್ತು.

ವಂಶದ ಮಾತು ಬಂದಾಗ ಪೂರ್ತಿ ಹೇಳಿಬಿಡೋಣ. 1955ರ ಲ ಮಾನ್ ಇಪ್ಪತ್ತನಾಲ್ಕು ಗಂಟೆಗಳ ರೇಸಿನಲ್ಲಿ ಎಂಜಿಯವರು ಇದೇ 1489 ಸಿಸಿ ಬಿ-ಸೀರೀಸ್ ಇಂಜಿನ್ನಿನ ಮೂರು ಕಾರು ಇಳಿಸಿದರು. ಒಂದು ಅಪಘಾತದಲ್ಲಿ ಹೊರಬಿತ್ತು, ಉಳಿದೆರಡು 12ನೆಯ ಮತ್ತು 17ನೆಯ ಸ್ಥಾನದಲ್ಲಿ ಗುರಿ ಮುಟ್ಟಿದವು. ಆ ವರ್ಷವೇ ಅಂಗಡಿಗೆ ಬಂದ ಎಂಜಿಎ ಎಂಬ ಎರಡು ಸೀಟಿನ ಚೆಲುವೆ ಒಂದು ಲಕ್ಷಕ್ಕೂ ಮೀರಿ ತಯಾರಾಗಿ, ಅದರಲ್ಲಿ ಬಹುಪಾಲು ಅಮೆರಿಕಕ್ಕೆ ಹಡಗು ಹತ್ತಿತು. ಎಂಜಿಎಗೆ ಎರಡು ಎಸ್‌ಯು ಕಾರ್ಬುರೇಟರ್, 72 ಅಶ್ವಶಕ್ತಿ. ಅಂಬಾಸಿಡರಿಗೆ ಒಂದೇ ಕಾರ್ಬುರೇಟರ್, ನಮ್ಮ ಬಂಕಿನ ಪೆಟ್ರೋಲು ತಡೆಯುವಷ್ಟೇ ಕಂಪ್ರೆಷನ್, 50ರ ಆಸುಪಾಸಿನ ಅಶ್ವಶಕ್ತಿ. ಉಳಿದ ಇಪ್ಪತ್ತು ಕುದುರೆ ಎಲ್ಲಿಗೆ ಹೋದವು ಎಂದು ಯಾರೂ ತನಿಖೆ ಮಾಡಿಸಲಿಲ್ಲ. ಕೋಲ್ಕತ್ತದ ಮೈದಾನದ ಪಕ್ಕದಲ್ಲೇ ರೇಸ್ ಕೋರ್ಸ್ ಇದೆ, ಹುಡುಕುವುದಾದರೆ ಅಲ್ಲಿಂದ ಶುರು ಮಾಡಬಹುದು.

ಹಿಂದೂಸ್ತಾನ್ ಮೋಟಾರ್ಸ್ ಹುಟ್ಟಿದ್ದು 1942ರಲ್ಲಿ, ಗುಜರಾತಿನ ಓಖಾ ಬಂದರಿನಲ್ಲಿ. ಉತ್ತರಪಾರಾಕ್ಕೆ ಬಂದದ್ದು 1948ರಲ್ಲಿ. ಮಾರಿಸ್ ಕಂಪನಿಯ ಕಾರು ತಂದು, ಅದಕ್ಕೊಂದು ಹಿಂದೂಸ್ತಾನಿ ಹೆಸರಿಟ್ಟು, ಮಾರುವುದು ಪದ್ಧತಿ. ಮಾರಿಸ್ ಮೈನರ್ ಇಲ್ಲಿ ‘ಬೇಬಿ ಹಿಂದೂಸ್ತಾನ್’ ಆಯಿತು, ಆಕ್ಸ್‌ಫರ್ಡ್ ಎರಡನೆಯ ಸರಣಿ ‘ಲ್ಯಾಂಡ್‌ಮಾಸ್ಟರ್’ ಆಯಿತು. ಆಮೇಲೆ ಬಂದದ್ದು ಆಕ್ಸ್‌ಫರ್ಡ್ ಮೂರನೆಯ ಸರಣಿ, ಅದೇ ಅಂಬಾಸಿಡರ್. ಇಂಗ್ಲೆಂಡಿನಲ್ಲಿ 1954ರಲ್ಲೇ ಆಕ್ಸ್‌ಫರ್ಡಿಗೆ ಹೊಸ ಓವರ್‌ಹೆಡ್ ವಾಲ್ವ್ ಇಂಜಿನ್ ಬಂದಿತ್ತು. ನಾವು ಹೊಸ ಬಾಡಿ ತಂದೆವು, ಒಳಗೆ ಹಳೆಯ 1476 ಸಿಸಿಯ ಸೈಡ್ ವಾಲ್ವ್ ಇಂಜಿನ್ನನ್ನೇ ಮುಂದುವರಿಸಿದೆವು. ಮಾಸ್ ಸಾಹೇಬರು ಉಪ್ಪಿನ ಬಯಲಿನಲ್ಲಿ ಹಾರಿ ಎರಡು ವರ್ಷವಾದ ಮೇಲೆ ಉತ್ತರಪಾರಾಕ್ಕೆ 1489 ಬಂತು. ಆ ಹೊತ್ತಿಗೆ, ಅಂದರೆ 1959ರಲ್ಲಿ, ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಉತ್ಪಾದನೆಯೇ ನಿಂತಿತ್ತು. ತಾಯಿ ಹೋದಮೇಲೆ ಮಗು 55 ವರ್ಷ ಬದುಕಿತು, ಅದರಲ್ಲಿ ತಪ್ಪೇನಿಲ್ಲ. ಮಗು ಬೆಳೆಯಲೇ ಇಲ್ಲ ಎಂಬುದಷ್ಟೇ ತಕರಾರು.

ಬೇರೆ ಕಡೆ ಸ್ಪೋರ್ಟ್ಸ್ ಕಾರಿನ ಹೊಸ ಮಾದರಿ ಎಂದರೆ ಇಂಜಿನ್ ಬದಲಾಗುತ್ತದೆ, ಚಾಸಿ ಬದಲಾಗುತ್ತದೆ, ಹೆಸರು ಹಾಗೇ ಉಳಿಯುತ್ತದೆ. ಉತ್ತರಪಾರಾದ ಇಂಜಿನಿಯರುಗಳು ಈ ದುಬಾರಿ ದಾರಿಯನ್ನು ಬಿಟ್ಟು ಹೆಸರನ್ನು ಬದಲಾಯಿಸಿದರು. ಮಾರ್ಕ್ 2 ಬಂತು: ಮುಂದಿನ ಜಾಲರಿ ಬೇರೆ. 1975ರಲ್ಲಿ ಮಾರ್ಕ್ 3 ಬಂತು: ಜಾಲರಿ ಮತ್ತೆ ಬೇರೆ. 1979ರಲ್ಲಿ ಮಾರ್ಕ್ 4: ಜಾಲರಿಯ ವಿಷಯದಲ್ಲಿ ಇನ್ನೂ ಆಳವಾದ ಚಿಂತನೆ. ಆಮೇಲೆ ನೋವಾ, ಗ್ರಾಂಡ್, ಅವಿಗೊ, ಕೊನೆಗೆ ಎನ್‌ಕೋರ್. ಕಾರ್ಖಾನೆ ಮುಚ್ಚುವ ಹಿಂದಿನ ವರ್ಷ ಬಿಟ್ಟ ಮಾದರಿಗೆ ‘ಇನ್ನೊಮ್ಮೆ ಹಾಡಿ’ ಎಂಬರ್ಥದ ಹೆಸರಿಟ್ಟವರ ಧೈರ್ಯ ದೊಡ್ಡದು. ನಡುವೆ 1990ರ ದಶಕದಲ್ಲಿ ಒಮ್ಮೆ ಮೈಮರೆತು ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಇಂಜಿನ್ನನ್ನೂ ಐದು ಗೇರನ್ನೂ ಹಾಕಿಬಿಟ್ಟಿದ್ದರು. ಕಾರು ನಿಜವಾಗಿಯೂ ಓಡತೊಡಗಿತು. ಬ್ರೇಕಿಗೆ ಅದು ಹೊಸ ಅನುಭವ.

ಈ ಕಾರಿನ ಪರ್ಫಾರ್ಮೆನ್ಸನ್ನು ಹತ್ತಿರದಿಂದ ನೋಡುವ ಭಾಗ್ಯ ನನಗೂ ಒದಗಿದೆ. ಬ್ಯಾಂಕಿನವರು ವರ್ಗ ಮಾಡಿದ್ದರಿಂದ ನಮ್ಮ ಭಾವ ಕೆಲವು ವರ್ಷ ಕೋಲ್ಕತ್ತದಲ್ಲಿದ್ದರು, ಇಡ್ಲಿ, ಫಿಲ್ಟರ್ ಕಾಫಿ ಸಿಗುವ ಲೇಕ್ ಮಾರ್ಕೆಟ್ ಬಳಿ. ಹೌರಾದಲ್ಲಿ ನನ್ನನ್ನು ಕರೆದುಕೊಂಡು ಹಳದಿ ಟ್ಯಾಕ್ಸಿ ಹತ್ತಿಸಿದರು. ಮುಂದಿನ ಸೀಟು ಉದ್ದನೆಯ ಬೆಂಚು, ಅದರ ಮೇಲೊಂದು ಟರ್ಕಿ ಟವೆಲು. ಸ್ಟಿಯರಿಂಗ್ ಕಂಬಕ್ಕೆ ಅಂಟಿಕೊಂಡ ಗೇರಿನ ಕಡ್ಡಿ. ಡ್ರೈವರ್ ಬಿಹಾರದ ಕಡೆಯ ಹಿರಿಯರು. ಸೇತುವೆ ಇಳಿದು ಬ್ರೇಬೋರ್ನ್ ರೋಡಿಗೆ ಬರುವಷ್ಟರಲ್ಲಿ ಎರಡನೆಯ ಗೇರಿನಲ್ಲಿದ್ದ ಕಡ್ಡಿ ಎತ್ತಲೂ ಹೋಗದು, ಇತ್ತಲೂ ಬಾರದು. “ಗೇರ್ ಫಸ್ ಗಯಾ” ಎಂದರು, ಮಗಳ ಮದುವೆ ಗೊತ್ತಾಯಿತು ಎನ್ನುವಷ್ಟೇ ನಿರಾಳವಾಗಿ. ಇಂಜಿನ್ ಆರಿಸಿ, ಇಳಿದು, ಬಾನೆಟ್ ಎತ್ತಿ, ಒಳಗೆ ಮೊಣಕೈವರೆಗೆ ತೋಳು ಇಳಿಸಿ, ಗೇರಿನ ಕಂಬದ ಬುಡದ ಎರಡು ಸರಳುಗಳನ್ನು ಒಂದನ್ನು ಮೇಲಕ್ಕೂ ಒಂದನ್ನು ಕೆಳಕ್ಕೂ ಒತ್ತಿದರು. ಟಕ್ ಎಂದಿತು. ಕೈಯಲ್ಲಿ ಸ್ಪ್ಯಾನರ್ ಇಲ್ಲ, ಮುಖದಲ್ಲಿ ಗಾಬರಿ ಇಲ್ಲ. ಹಿಂದೆ ಮಿನಿ ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಬಡಿಯುತ್ತ ಬಂಗಾಳಿಯಲ್ಲಿ ಡ್ರೈವರಿನ ಪೂರ್ವಿಕರನ್ನು ಸ್ಮರಿಸುತ್ತಿದ್ದ.

“ನೋಡಯ್ಯಾ, ಫಾರ್ಮುಲಾ ಒನ್‌ನಲ್ಲಿ ಪಿಟ್ ಸ್ಟಾಪ್ ಅಂತಾರಲ್ಲ, ಇದೇ” ಎಂದರು ಭಾವ.

“ಅಲ್ಲಿ ಇಪ್ಪತ್ತು ಜನ ಇರ್ತಾರೆ ಭಾವ.”

“ಅದಕ್ಕೇ ಹೇಳಿದ್ದು, ಇವರೊಬ್ಬರೇ ಸಾಕು ಅಂತ. ದಕ್ಷತೆ ಅಂದ್ರೆ ಇದು.”

ಮೀಟರಿನ ವೇಗದ ಬಗ್ಗೆಯೂ ಹೇಳಬೇಕು. ಬಹಳ ಕಾಲ ಕೋಲ್ಕತ್ತದ ಟ್ಯಾಕ್ಸಿ ಮೀಟರು ತೋರಿಸಿದ್ದನ್ನು ಎರಡರಿಂದ ಗುಣಿಸಿ ಮೇಲೆ ಎರಡು ರೂಪಾಯಿ ಸೇರಿಸಿ ಕೊಡಬೇಕಿತ್ತು. ದರ ಏರಿದಾಗಲೆಲ್ಲ ಮೀಟರನ್ನು ಬದಲಾಯಿಸುವುದಕ್ಕಿಂತ ಪ್ರಯಾಣಿಕರ ಗಣಿತವನ್ನು ಸುಧಾರಿಸುವುದು ಅಗ್ಗ ಎಂದು ಕಂಡುಕೊಂಡ ನಗರ ಅದು. ಕಾರಿನಲ್ಲಿ ಎಲ್ಲಕ್ಕಿಂತ ಚುರುಕಾಗಿ ಓಡುತ್ತಿದ್ದ ಭಾಗವೂ ಆ ಮೀಟರೇ.

ಆದರೆ ಪರ್ಫಾರ್ಮೆನ್ಸ್ ಎಂದರೆ ಇಂಜಿನ್ನಿನ ವಿಷಯ ಎಂದು ಯಾರು ಹೇಳಿದರು? ದಾರಿ ಬಿಡಿಸಿಕೊಳ್ಳುವವನೇ ವೇಗವಾಗಿ ಹೋಗುವವನು. ಈ ಸತ್ಯವನ್ನು ಕಲ್ಕತ್ತಾ 1910ರಲ್ಲೇ ಕಂಡಿತ್ತು. ರಾಬರ್ಟ್ ನಿಕೋಲ್ ಮ್ಯಾಥ್ಯೂಸನ್ ಎಂಬ ಸಿರಿವಂತ ಇಂಗ್ಲೆಂಡಿನ ಲೋವ್‌ಸ್ಟಾಫ್ಟಿನ ಬ್ರೂಕ್ ಕಂಪನಿಯಿಂದ ಹಂಸದ ಆಕಾರದ ಕಾರೊಂದನ್ನು ಮಾಡಿಸಿ ತಂದ. ಮುಂದೆ ಹಂಸದ ಕತ್ತು, ಕೊಕ್ಕು. ಕೊಕ್ಕನ್ನು ಇಂಜಿನ್ನಿನ ತಂಪು ನೀರಿನ ವ್ಯವಸ್ಥೆಗೆ ಜೋಡಿಸಿತ್ತು. ಅಡ್ಡ ಬಂದವರ ಮೇಲೆ ಹಂಸ ಬಾಯಿ ತೆರೆದು ಬಿಸಿ ಹಬೆ ಉಗುಳುತ್ತಿತ್ತು. ಹಿಂದುಗಡೆ ಒಂದು ಕವಾಟ. ಅದರಿಂದ ರಸ್ತೆಯ ಮೇಲೆ ಸುಣ್ಣದ ನೀರು ಬೀಳುತ್ತಿತ್ತು, ಹಕ್ಕಿ ಎಂದ ಮೇಲೆ ಹಿಕ್ಕೆ ಹಾಕದಿದ್ದರೆ ಹೇಗೆ ಎಂದು. ಮೊದಲ ದಿನವೇ ಜನ ದಿಕ್ಕಾಪಾಲಾಗಿ ಪೊಲೀಸರು ನಡುವೆ ಬರಬೇಕಾಯಿತು. ಆ ಹಂಸವನ್ನು ಮುಂದೆ ನಾಭಾ ಸಂಸ್ಥಾನದ ಮಹಾರಾಜರು ಕೊಂಡರು, ಈಗ ನೆದರ್‌ಲೆಂಡ್ಸಿನ ಹೇಗ್ ನಗರದ ಲೌಮನ್ ಮ್ಯೂಸಿಯಮ್ಮಿನಲ್ಲಿದೆ. ಕೋಲ್ಕತ್ತದ ನೆಲ ಕಂಡ ಕಾರುಗಳಲ್ಲಿ ಜಗತ್ತಿನ ಮ್ಯೂಸಿಯಮ್ಮು ಜೋಪಾನ ಮಾಡಿದ್ದು ಉಗುಳುವ ಕಾರನ್ನು ಎಂಬುದು ಯೋಚಿಸಬೇಕಾದ ವಿಷಯ.

ಮ್ಯಾಥ್ಯೂಸನ್ನನದು ಖಾಸಗಿ ಉದ್ಯಮ, ಹಾಗಾಗಿ ಹಬೆ ಬೇಕಾಯಿತು. ಸ್ವತಂತ್ರ ಭಾರತದಲ್ಲಿ ಅದೇ ಕೆಲಸಕ್ಕೆ ಅಂಬಾಸಿಡರಿನ ನೆತ್ತಿಯ ಮೇಲೆ ಒಂದು ಕೆಂಪು ದೀಪ ಸಾಕಾಯಿತು. ಬಿಳಿ ಬಣ್ಣ, ಹಿಂದಿನ ಕಿಟಕಿಗೆ ಮಡಿಕೆಯ ಪರದೆ, ಸೀಟಿಗೆ ಬಿಳಿ ಟವೆಲು, ನೆತ್ತಿಯಲ್ಲಿ ಕೆಂಪು ದೀಪ. ವಿಧಾನಸೌಧದ ಮೆಟ್ಟಿಲಿನ ಮುಂದಾಗಲಿ ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗಿನ ಮುಂದಾಗಲಿ ಆ ಕಾರು ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡಿನಲ್ಲಿ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಉಳಿದವರೆಲ್ಲರನ್ನೂ ನೂರರಿಂದ ಸೊನ್ನೆಗೆ ಇಳಿಸುವ ಶಕ್ತಿ ಅದಕ್ಕಿತ್ತು. ಗೇಟಿನ ಕಾವಲುಗಾರ ಒಳಗೆ ಯಾರಿದ್ದಾರೆಂದು ಬಗ್ಗಿ ನೋಡುತ್ತಿರಲಿಲ್ಲ, ಸೆಲ್ಯೂಟ್ ಹೊಡೆಯುತ್ತಿದ್ದ. ಈ ಅಭ್ಯಾಸಕ್ಕೆ ದೇಶ ತೆತ್ತ ಬೆಲೆ 2001ರ ಡಿಸೆಂಬರ್ 13ರಂದು ಗೊತ್ತಾಯಿತು. ಸಂಸತ್ತಿನ ಮೇಲೆ ದಾಳಿ ಮಾಡಿದವರು ಬಂದದ್ದು ಕೆಂಪು ದೀಪದ ಬಿಳಿ ಅಂಬಾಸಿಡರಿನಲ್ಲೇ. ಆಮೇಲೆ ಪ್ರಧಾನಿಗಳು ಬಿಎಂಡಬ್ಲ್ಯುಗೆ ಬದಲಾದರು.

ಇಷ್ಟು ವರ್ಷ ಇಂಜಿನ್ ಬದಲಾಯಿಸದೆ ಬದುಕುವುದು ಹೇಗೆ ಸಾಧ್ಯವಾಯಿತು ಎನ್ನುವವರಿಗೆ ಉತ್ತರ ಬಾನೆಟ್ಟಿನ ಕೆಳಗಿಲ್ಲ, ದೆಹಲಿಯ ಕಡತದಲ್ಲಿದೆ. ಯಾರು ಎಷ್ಟು ಕಾರು ಮಾಡಬೇಕೆಂದು ಸರ್ಕಾರ ಲೈಸೆನ್ಸ್ ಕೊಡುತ್ತಿತ್ತು. ಹೊರಗಿನ ಕಾರಿಗೆ ಬಾಗಿಲು ಬಂದ್. ಅಂಗಡಿಯಲ್ಲಿ ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಮೂರೇ. ಗಿರಾಕಿ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ; ಸರದಿ ಬಂದವನು ಕಾರು ಬಿಡಿಸಿಕೊಂಡು ಅಲ್ಲೇ ಮೇಲು ಬೆಲೆಗೆ ಮಾರಿ ಬರುತ್ತಿದ್ದದ್ದೂ ಉಂಟು. ಅಬಿಂಗ್ಡನ್ನಿನ ಎಂಜಿಯವರ ಬೆನ್ನ ಹಿಂದೆ ಟ್ರಯಂಫ್, ಆಸ್ಟಿನ್-ಹೀಲಿ, ಪೋರ್ಷೆ ಓಡಿಬರುತ್ತಿದ್ದವು, ಹಾಗಾಗಿ ಅವರು ಅದೇ ಇಂಜಿನ್ನಿಗೆ ಇನ್ನೊಂದು ಕಾರ್ಬುರೇಟರ್ ಕಟ್ಟಿ ತಾವೂ ಓಡಿದರು. ಉತ್ತರಪಾರಾದ ಬೆನ್ನ ಹಿಂದೆ ಇದ್ದದ್ದು ಗಿರಾಕಿಗಳ ಸಾಲು ಮಾತ್ರ. ಓಡಿದರೆ ಆ ಸಾಲೇ ತಪ್ಪಿಹೋದೀತೆಂದು ಕಂಪನಿ ನಿಂತಲ್ಲೇ ನಿಂತಿತು.

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ಅಷ್ಟರಲ್ಲೇ ಉತ್ತರಪಾರಾ ತನ್ನ ನಿಜವಾದ ಸ್ಪೋರ್ಟ್ಸ್ ಕಾರಿನ ತಯಾರಿಯಲ್ಲಿತ್ತು. ಅದೇ ಕಾಂಟೆಸ್ಸಾ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ 1978ರಲ್ಲಿ ಕೈಬಿಟ್ಟ ವಿಎಕ್ಸ್ ಕಾರಿನ ಅಚ್ಚುಗಳನ್ನು ಕೊಂಡು ತಂದರು. ಉದ್ದ ಮೂಗು, ಅಗಲ ಭುಜ, ನಾಲ್ಕು ಹೆಡ್‌ಲೈಟು. ಇವತ್ತಿಗೂ ಹುಡುಗರು ಅದನ್ನು ‘ಇಂಡಿಯನ್ ಮಸಲ್ ಕಾರ್’ ಎಂದು ಕರೆದು ಕರಿ ಬಣ್ಣ ಬಳಿಸಿ ಕೊಚ್ಚಿಯಿಂದ ಬೆಂಗಳೂರಿನವರೆಗೆ ಮೆರವಣಿಗೆ ಮಾಡುತ್ತಾರೆ. ವಾಕ್ಸ್‌ಹಾಲಿನವರು ಆ ಮೈಗೆ 2.3 ಲೀಟರ್ ಇಂಜಿನ್ ಕೊಟ್ಟಿದ್ದರು. ಉತ್ತರಪಾರಾದವರು ಏನು ಕೊಟ್ಟರು? ಓದುಗರು ಜೋಪಾನ ಮಾಡಿದ ಸಂಖ್ಯೆಯನ್ನು ಈಗ ಹೊರತೆಗೆಯಬಹುದು. 1489. ಅಂಬಾಸಿಡರಿನದೇ, 50ರ ಆಸುಪಾಸಿನ ಅಶ್ವಶಕ್ತಿಯದೇ. ಗಾಮಾ ಪೈಲ್ವಾನನ ಮೈಗೆ ನಮ್ಮ ಪ್ರೈಮರಿ ಶಾಲೆಯ ಮೇಷ್ಟ್ರ ಶ್ವಾಸಕೋಶ ಹೊಲಿದಂತಾಯಿತು. ಎಸಿ ಹಾಕಿ ಫ್ಲೈಓವರ್ ಹತ್ತುವಾಗ ಎರಡರಲ್ಲಿ ಒಂದನ್ನು ಆಯ್ದುಕೊಳ್ಳಬೇಕಿತ್ತು, ತಂಪು ಅಥವಾ ಚಲನೆ.

ಇಸುಜು ಇಂಜಿನ್ ಬಂದ ಮೇಲೆ ಕಾಂಟೆಸ್ಸಾ ಕ್ಲಾಸಿಕ್ ಎಂಬ ಅವತಾರದಲ್ಲಿ 88 ಅಶ್ವಶಕ್ತಿಯೂ ಐದು ಗೇರೂ ಸಿಕ್ಕವು, ಮತ್ತು ಇಲ್ಲಿ ವ್ಯಂಗ್ಯವನ್ನು ಒಂದು ಪ್ಯಾರಾದಷ್ಟು ಬದಿಗಿಡಬೇಕು. 1989ರ ಸೆಪ್ಟೆಂಬರ್ 9ರಂದು ಸಲೂ ಚೌಧರಿ ಮತ್ತು ಪತ್ನಿ ನೀನಾ ಚೌಧರಿ ದೆಹಲಿಯಿಂದ ಕಾಂಟೆಸ್ಸಾ ಕ್ಲಾಸಿಕ್ ಏರಿ ಹೊರಟು, ಆರು ಖಂಡ ಸುತ್ತಿ, ನವೆಂಬರ್ 17ಕ್ಕೆ ದೆಹಲಿಗೇ ವಾಪಸ್ಸಾದರು. 69 ದಿನ, 19 ಗಂಟೆ, 5 ನಿಮಿಷ. ಗಿನ್ನೆಸ್ ಪುಸ್ತಕದಲ್ಲಿ ಕಾರಿನಲ್ಲಿ ಭೂಪ್ರದಕ್ಷಿಣೆ ಮಾಡಿದ ಮೊದಲ ಹಾಗೂ ಅತಿವೇಗದ ಜೋಡಿ ಎಂದು ದಾಖಲಾದರು. ಉತ್ತರಪಾರಾದಲ್ಲಿ ಹುಟ್ಟಿದ ಕಾರಿಗೆ ಜಗತ್ತಿನ ದಾಖಲೆ! ಕಾರಿಗೆ ಓಡಲು ಬರುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದನ್ನು ಮೊದಲೇ ಯಾಕೆ ಓಡಿಸಲಿಲ್ಲ ಎಂದು ಕೇಳುವವರಿಗೂ ಇದಕ್ಕಿಂತ ಬೇಡ. 2002ಕ್ಕೆ ಕಾಂಟೆಸ್ಸಾ ನಿಂತಿತು.

ಕಾರು ಮಾಡುವುದಕ್ಕಿಂತ ಕಾರ್ಖಾನೆಯ ನೆಲ ಮಾರುವುದು ಲಾಭ ಎಂಬ ಜ್ಞಾನೋದಯ 2007ರಲ್ಲಾಯಿತು. ಸುಮಾರು 314 ಎಕರೆ ಮಾರಿದರು. ಕೊಂಡವರು ಯಾರು? ನಮ್ಮ ಬೆಂಗಳೂರಿನ ಶ್ರೀರಾಮ್ ಪ್ರಾಪರ್ಟೀಸ್. ಕೆರೆ ಮುಗಿದ ಮೇಲೆ ಬೆಂಗಳೂರಿಗರು ಸುಮ್ಮನೆ ಕೂರುವವರೇ? 2013ರಲ್ಲಿ ಬಿಬಿಸಿಯ ಟಾಪ್ ಗೇರ್‌ನವರು ದೇಶದೇಶಗಳ ಟ್ಯಾಕ್ಸಿಗಳನ್ನು ಓಡಿಸಿ ನೋಡಿ ಅಂಬಾಸಿಡರೇ ಜಗತ್ತಿನ ಅತ್ಯುತ್ತಮ ಟ್ಯಾಕ್ಸಿ ಎಂದು ಸಾರಿದರು. ಮುಂದಿನ ವರ್ಷದ ಮೇ 24ಕ್ಕೆ ಕಾರ್ಖಾನೆಯ ಗೇಟಿಗೆ ನೋಟಿಸ್ ಬಿತ್ತು. 1980ರ ದಶಕದ ನಡುವೆ ವರ್ಷಕ್ಕೆ ಸುಮಾರು 24,000 ಮಾರಾಟವಾಗುತ್ತಿದ್ದ ಕಾರು 2013–14ರಲ್ಲಿ 2,214ಕ್ಕೆ ಇಳಿದಿತ್ತು. ಕೆಲಸ ನಿಲ್ಲಿಸಲು ಕೊಟ್ಟ ಕಾರಣಗಳ ಪಟ್ಟಿಯಲ್ಲಿ ಬೇಡಿಕೆಯ ಕೊರತೆ, ಹಣದ ಕೊರತೆಗಳ ಜೊತೆಗೆ ‘ಹೆಚ್ಚುತ್ತಿರುವ ಅಶಿಸ್ತು’ ಎಂಬುದೂ ಇತ್ತು. ಐವತ್ತೇಳು ವರ್ಷ ಒಂದೇ ಕಾರನ್ನು ಒಂದೇ ರೀತಿಯಲ್ಲಿ ಮಾಡಿದ ಕಾರ್ಮಿಕರಲ್ಲಿ ಇನ್ನೆಷ್ಟು ಶಿಸ್ತು ಬೇಕಿತ್ತು ಎಂದು ಆ ನೋಟಿಸು ಬರೆದವರೇ ಹೇಳಬೇಕು. ಜಾಲರಿ ಬದಲಿಸುವ ತೀರ್ಮಾನ ಮಾಡಿದವರು ಮನೆಗೆ ಕಾರಿನಲ್ಲೇ ಹೋದರು. ಸುಮಾರು ಎರಡೂವರೆ ಸಾವಿರ ಕಾರ್ಮಿಕರು ಸಂಬಳದ ಬಾಕಿ ಲೆಕ್ಕ ಹಾಕುತ್ತ ಲೋಕಲ್ ಹತ್ತಿದರು.

ಅದೇ ಹೂಗ್ಲಿ ಜಿಲ್ಲೆಗೆ ಇನ್ನೊಂದು ಸ್ಪೋರ್ಟ್ಸ್ ಕಾರೂ ಬರುವುದಿತ್ತು. ಇಂಜಿನ್ ಹಿಂಬದಿಗೆ, ಪೋರ್ಷೆ 911ರ ಹಾಗೆ. 624 ಸಿಸಿ, ಪೋರ್ಷೆಯ ಹಾಗಲ್ಲ. ಸಿಂಗೂರಿನಲ್ಲಿ 997 ಎಕರೆ ಸ್ವಾಧೀನವಾಯಿತು, ರೈತರು ಎದ್ದರು, 2008ರ ಅಕ್ಟೋಬರಿನಲ್ಲಿ ಟಾಟಾದವರು ನ್ಯಾನೊ ಕಾರನ್ನು ಗುಜರಾತಿನ ಸಾನಂದಕ್ಕೆ ಹೊತ್ತೊಯ್ದರು. ಆಗ ನಮ್ಮ ಕರ್ನಾಟಕದವರೂ ಧಾರವಾಡದ ಜಾಗ ತೋರಿಸಿ ‘ಬನ್ನಿ, ಬನ್ನಿ’ ಎಂದಿದ್ದರು. 2016ರಲ್ಲಿ ಸುಪ್ರೀಂ ಕೋರ್ಟು ಸಿಂಗೂರಿನ ಸ್ವಾಧೀನವನ್ನೇ ರದ್ದು ಮಾಡಿತು. 2023ರಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿ, ಪಶ್ಚಿಮ ಬಂಗಾಳದ ಕೈಗಾರಿಕಾ ನಿಗಮ ಟಾಟಾ ಮೋಟಾರ್ಸಿಗೆ 765.78 ಕೋಟಿ ರೂಪಾಯಿ ಕೊಡಬೇಕೆಂದಿತು. ಅಂಬಾಸಿಡರ್ ಎಂಬ ಹೆಸರನ್ನು 2017ರಲ್ಲಿ ಫ್ರಾನ್ಸಿನ ಪ್ಯೂಜೊ ಗುಂಪಿಗೆ ಮಾರಿದಾಗ ಬಂದದ್ದು 80 ಕೋಟಿ. ಆರು ದಶಕ ಕಾರು ಮಾಡಿದ ಹೆಸರಿಗೆ 80, ಒಂದೂ ಕಾರು ಮಾಡದೆ ಎದ್ದುಹೋದ ಜಾಗಕ್ಕೆ 765. ಅರ್ಥಶಾಸ್ತ್ರದ ಮೇಷ್ಟ್ರುಗಳು ಇದನ್ನು ಪಾಠಕ್ಕೆ ಹಾಕಬಹುದು. ಹೆಸರು ಕೈಬದಲಾದ ಆ ವರ್ಷದ ಮೇ ಒಂದರಿಂದ ಕೆಂಪು ದೀಪವೂ ರದ್ದಾಯಿತು.

ಕಾರು ಹೋಯಿತು, ಈಗ ಪ್ರೀತಿ ಉಕ್ಕುತ್ತಿದೆ. ಸ್ಟೇಟ್ಸ್‌ಮನ್ ಪತ್ರಿಕೆಯ ವಿಂಟೇಜ್ ಕಾರ್ ರ‍್ಯಾಲಿ 1960ರ ದಶಕದಿಂದ ಕೋಲ್ಕತ್ತದ ಚಳಿಗಾಲದ ದೊಡ್ಡ ಸಂಭ್ರಮ. ಒಂದು ಕಾಲದಲ್ಲಿ ಅಲ್ಲಿ ಹಳೆಯ ರೋಲ್ಸ್‌ರಾಯ್ಸ್ ನೋಡಲು ಜನ ಅಂಬಾಸಿಡರಿನಲ್ಲಿ ಹೋಗುತ್ತಿದ್ದರು. ಈಗ ಅಂಬಾಸಿಡರನ್ನು ನೋಡಲು ಬಾಡಿಗೆ ಆ್ಯಪ್ ಕಾರಿನಲ್ಲಿ ಹೋಗುತ್ತಾರೆ. ಮಾರ್ಕ್ 2ರ ಜಾಲರಿ ಮಾರ್ಕ್ 3ಕ್ಕಿಂತ ಎಷ್ಟು ಸೊಗಸು ಎಂದು ವಾದಿಸುತ್ತಾರೆ. ಹಿಂದೆ ತಳ್ಳಿ ತಳ್ಳಿ ಬೆನ್ನು ನೋಯಿಸಿಕೊಂಡ ಹಿರಿಯರೇ ಕಣ್ಣಲ್ಲಿ ನೀರು ತಂದುಕೊಂಡು ‘ಆಹಾ, ಏನು ಗಟ್ಟಿ ಕಬ್ಬಿಣ!’ ಎನ್ನುತ್ತಾರೆ. ಬೇರೆ ಕಾರು ಕೊಳ್ಳುವ ದಾರಿ ಇಲ್ಲದೆ ಕಟ್ಟಿಕೊಂಡದ್ದಕ್ಕೆ ಈಗ ಪ್ರೇಮವಿವಾಹದ ಕಥೆ ಸಿದ್ಧವಾಗಿದೆ.

ಟ್ಯಾಕ್ಸಿಗಳಿಗೆ ಹದಿನೈದು ವರ್ಷದ ಆಯಸ್ಸು ಎಂದು ಹೈಕೋರ್ಟು 2008ರಲ್ಲೇ ಗೆರೆ ಎಳೆದಿದೆ. 2014ಕ್ಕೆ ಕಾರ್ಖಾನೆ ನಿಂತ ಮೇಲೆ ಲೆಕ್ಕ ಸುಲಭ, ಹಳದಿ ಅಂಬಾಸಿಡರ್ ವರ್ಷವರ್ಷ ಕರಗುತ್ತಿದೆ. 2024ರಲ್ಲಿ ಸರ್ಕಾರ ಟ್ರಾಮಿನ ಕೊರಳಿಗೂ ಕೈಹಾಕಿತು: ನಿಧಾನ ಹೋಗುತ್ತದೆ, ಟ್ರಾಫಿಕ್ ಜಾಮ್ ಮಾಡುತ್ತದೆ, ಮೈದಾನದ ಬಳಿ ಒಂದು ತುಣುಕು ಪಾರಂಪರಿಕ ಮಾರ್ಗ ಇರಲಿ, ಉಳಿದದ್ದು ಸಾಕು. ಆ ವರ್ಷದ ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಲ್ಲಿ ಕೋಲ್ಕತ್ತ ಜಗತ್ತಿನಲ್ಲೇ ಎರಡನೆಯ ನಿಧಾನದ ನಗರ. 10 ಕಿಲೋಮೀಟರಿಗೆ 34 ನಿಮಿಷ 33 ಸೆಕೆಂಡು. ಮೂರನೆಯದು ಬೆಂಗಳೂರು, 34 ನಿಮಿಷ 10 ಸೆಕೆಂಡು. ಇಪ್ಪತ್ತಮೂರು ಸೆಕೆಂಡಿನಲ್ಲಿ ನಮಗೆ ಬೆಳ್ಳಿ ತಪ್ಪಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇನ್ನೊಂದು ಸಿಗ್ನಲ್ ಹೆಚ್ಚು ನಿಂತಿದ್ದರೆ ಸಾಕಿತ್ತು.

ಗಂಟೆಗೆ 17 ಕಿಲೋಮೀಟರ್ ಚಿಲ್ಲರೆಯ ಕೋಲ್ಕತ್ತದಲ್ಲೂ ಲ್ಯಾಂಬೊರ್ಗಿನಿ, ಪೋರ್ಷೆ ಉಂಟು. ಭಾನುವಾರ ನಸುಕಿನಲ್ಲಿ ರೆಡ್ ರೋಡಿಗೆ ಬಂದು ಗುರ್ ಎನ್ನುತ್ತವೆ. ಮಾ ಫ್ಲೈಓವರ್ ಹತ್ತಿದರೆ ಗಾಳಿಪಟದ ಮಾಂಜಾ ದಾರ ಅಡ್ಡ. ಬೈಕಿನವರ ಕೊರಳು ಕುಯ್ಯುತ್ತದೆಂದು ಅಲ್ಲಿ ಬೇಲಿ ಕಟ್ಟಬೇಕಾಯಿತು. ಹಳದಿ ಬಣ್ಣಕ್ಕೇನೂ ಕುಂದು ಬಂದಿಲ್ಲ. ಅಂಬಾಸಿಡರನ್ನು ಮೂಲೆಗೆ ತಳ್ಳಿದ ಮಾರುತಿಯ ವ್ಯಾಗನ್‌ಆರ್ ಕಾರಿಗೇ ಅದನ್ನು ಬಳಿದು, ‘ಯೆಲ್ಲೋ ಹೆರಿಟೇಜ್ ಕ್ಯಾಬ್’ ಎಂದು ಹೆಸರಿಟ್ಟು 2025ರಲ್ಲಿ ಬೀದಿಗೆ ಬಿಟ್ಟಿದ್ದಾರೆ. ಎಸಿ ಇದೆ, ಗೇರು ಸಿಕ್ಕಿಕೊಳ್ಳುವುದಿಲ್ಲ. ಭಾವನಿಗೆ ಫೋನಿನಲ್ಲಿ ಹೇಳಿದೆ.

“ಎಷ್ಟು ವರ್ಷ ಕಾಯಬೇಕಂತೆ?” ಎಂದರು.

“ಕಾಯೋದೇನಿಲ್ಲ ಭಾವ, ಫೋನಿನಲ್ಲೇ ಬುಕ್ ಮಾಡಬಹುದು.”

“ಹಾಗಿದ್ರೆ ಹೆರಿಟೇಜ್ ಅಂತ ಯಾಕೆ ಹೆಸರಿಟ್ರು?”